ಗೆರೆ ಎಳೆಯುವ ಮೊದಲು ಬಿಚ್ಚುವವರನ್ನು ನೋಡಿ ಬನ್ನಿ

ಇಂಡಸ್ಟ್ರಿಯಲ್ ಡಿಸೈನ್ ಓದಲು ಹೊರಟಿರುವ ನಮ್ಮ ಬೀದರ್ ಸೀಮೆಯ ಮಕ್ಕಳೇ,

ನಿಮಗೆ ಅಹಮದಾಬಾದಿನ ಎನ್‌ಐಡಿಯಲ್ಲಿ ಸೀಟು ಸಿಕ್ಕಿರಲಿ, ಮುಂಬೈ ಐಐಟಿಯ ಐಡಿಸಿಯಲ್ಲಿ ಸಿಕ್ಕಿರಲಿ, ಬೆಂಗಳೂರಿನ ಯಾವುದಾದರೂ ಕಾಲೇಜಿಗೆ ಹೆಸರು ಹಚ್ಚಿರಲಿ, ಗಂಟುಮೂಟೆ ಕಟ್ಟುವ ಮೊದಲು ಕೆಲವು ದಿನ ಬಸವಕಲ್ಯಾಣದಲ್ಲಿ ಕಳೆಯಿರಿ. ನಾನು ಹೇಳುತ್ತಿರುವುದು ಕೋಟೆ ನೋಡುವ ಮಾತಲ್ಲ. ಅದನ್ನೂ ನೋಡಿ, ಅವಸರವಿಲ್ಲ. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹುಮನಾಬಾದ್ ದಾಟಿ ಸೋಲಾಪುರದ ದಿಕ್ಕಿಗೆ ಹೊರಟರೆ ಸಸ್ತಾಪುರ ಬಂಗ್ಲಾ ಸಿಗುತ್ತದಲ್ಲ, ಅಲ್ಲಿಂದಲೇ ನಿಮ್ಮ ಮೊದಲ ಪಾಠ ಶುರುವಾಗಬೇಕು. ಬಸವಕಲ್ಯಾಣ ಲಾರಿಗಳ ಊರು. ಬರೀ ಚಾಸಿಯಾಗಿ ಬಂದ ಗಾಡಿಗೆ ಬಾಡಿ ಕಟ್ಟುವುದು, ನುಜ್ಜುಗುಜ್ಜಾದ ಕ್ಯಾಬಿನ್ ನೆಟ್ಟಗೆ ಮಾಡುವುದು, ಆಯುಷ್ಯ ತೀರಿದ ಗಾಡಿಯನ್ನು ಬಿಚ್ಚಿ ಬಿಡಿಭಾಗ ಮಾರುವುದು, ಉಳಿದದ್ದನ್ನು ಗುಜರಿಗೆ ಹಾಕುವುದು, ಎಲ್ಲವೂ ಅಲ್ಲಿನ ಆಟೊ ನಗರದ ಕಸುಬು. ಒಂದು ವಸ್ತುವಿನ ಹುಟ್ಟು, ಕಾಯಿಲೆ, ಸಾವು ಮೂರನ್ನೂ ಒಂದೇ ಬೀದಿಯಲ್ಲಿ ನೋಡಬಹುದಾದ ಜಾಗ ದೇಶದಲ್ಲಿ ಬಹಳ ಇಲ್ಲ.

ಕಾಲೇಜಿನಲ್ಲಿ ನಿಮಗೆ ತೋರಿಸುವುದು ಹೊಸ ವಸ್ತು. ಬಿಳಿ ಹಿನ್ನೆಲೆಯ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಒಂದು ಗೀರೂ ಇಲ್ಲದ ವಸ್ತು. ಪ್ರಶಸ್ತಿ ಬರುವುದೂ ಆ ಚಿತ್ರಕ್ಕೇ. ಅದೇ ವಸ್ತು ಹದಿನೈದು ವರ್ಷ ಮಳೆ, ಬಿಸಿಲು, ಧೂಳು, ಡೀಸೆಲ್ಲು ಕುಡಿದು ಒಬ್ಬ ಹುಡುಗನ ಕೈಗೆ ಬಂದು ಬೀಳುವ ದಿನವನ್ನು ಯಾರೂ ತೋರಿಸುವುದಿಲ್ಲ. ಆ ದಿನ ಹೇಗಿರಬೇಕು ಎಂಬುದನ್ನು ತೀರ್ಮಾನಿಸಿದವರು ನೀವೇ. ಕಾಗದದ ಮೇಲೆ ಮೊದಲ ಗೆರೆ ಎಳೆದಾಗಲೇ, ಇಲ್ಲಿ ಸ್ಕ್ರೂ ಇರಲಿ ಅಥವಾ ಅಂಟು ಇರಲಿ ಎಂದಾಗಲೇ, ಅದನ್ನು ಬಿಚ್ಚುವವನ ಕೂಲಿ, ಅವನ ಕೈಗೆ ಆಗುವ ಗಾಯ, ಹೊಲಕ್ಕೆ ಹರಿಯುವ ಎಣ್ಣೆ ಎಲ್ಲವೂ ಅರ್ಧ ನಿಶ್ಚಯವಾಗಿ ಹೋಗಿರುತ್ತವೆ. ನಾನು ಪುಣೆಯ ಕಡೆಯ ಕಾರ್ಖಾನೆಗಳ ಡ್ರಾಯಿಂಗ್ ವಿಭಾಗದಲ್ಲಿ ದುಡಿದು, ಈಗ ಹುಮನಾಬಾದಿನಲ್ಲಿ ನೆಲೆಸಿರುವವನು. ಪರಿಸರದ ಬಗ್ಗೆ ನಿಮಗೆ ಹೇಳಬೇಕೆಂದಿರುವ ಮಾತೆಲ್ಲ ಆ ಮೊದಲ ಗೆರೆಯ ಮಾತಿನಲ್ಲೇ ಇದೆ, ಮುಂದಿನದು ಅದರ ವಿವರ.

ಹೆಡ್‌ಲೈಟ್ ಒಂದನ್ನೇ ತೆಗೆದುಕೊಳ್ಳಿ. ಹಳೆಯ ಲಾರಿಗಳ ದುಂಡನೆಯ ದೀಪ ನೀವು ನೋಡಿರುತ್ತೀರಿ. ಸುತ್ತ ಒಂದು ಸ್ಟೀಲಿನ ಬಳೆ, ಅದನ್ನು ಹಿಡಿದಿಡುವ ಸ್ಕ್ರೂ, ಒಳಗೆ ಗಾಜು ಮತ್ತು ರಿಫ್ಲೆಕ್ಟರ್, ಹಿಂದಿನಿಂದ ತಿರುವಿ ತೆಗೆಯಬಹುದಾದ ಬಲ್ಬು. ಬಲ್ಬು ಸುಟ್ಟರೆ ಡ್ರೈವರನೇ ರಸ್ತೆ ಬದಿಯಲ್ಲಿ ಹಾಕಿಕೊಳ್ಳುತ್ತಾನೆ. ಗಾಜು ಒಡೆದರೆ ಗಾಜಷ್ಟೇ ಬದಲು. ಬಳೆ ತುಕ್ಕು ಹಿಡಿದರೆ ಇನ್ನೊಂದು ಗಾಡಿಯ ಬಳೆ ಕೂಡುತ್ತದೆ. ಈಗಿನ ದೀಪ ನೋಡಿ. ಪಾಲಿಕಾರ್ಬೊನೇಟ್ ಮುಖ, ಅದಕ್ಕೆ ಸುತ್ತಲೂ ಅಂಟು ಹಾಕಿ ಕೂಡಿಸಿದ ಇನ್ನೊಂದು ಪ್ಲಾಸ್ಟಿಕ್ಕಿನ ಡಬ್ಬಿ, ಒಳಗೆ ಎಲ್‌ಇಡಿ ಹಲಗೆ. ಬೆಳಕು ಚೆನ್ನಾಗಿದೆ, ಕರೆಂಟು ಕಡಿಮೆ ತಿನ್ನುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಿರುಬೆರಳಿನಷ್ಟು ಒಂದು ಕಿವಿ ಮುರಿದರೆ ಇಡೀ ದೀಪ ತಿಪ್ಪೆಗೆ. ಆಟೊ ನಗರದ ಒಂದು ಅಂಗಳದಲ್ಲಿ ಅಂಥದೊಂದನ್ನು ಕೈಯಲ್ಲಿ ಹಿಡಿದು ಸುತ್ತಲೂ ಬೆರಳಾಡಿಸಿ, ಸ್ಕ್ರೂಡ್ರೈವರ್ ತೂರಿಸಲು ಸಂದು ಹುಡುಕಿ, ಸಿಗದೆ ನನ್ನ ಕಡೆ ನೋಡಿದ ಹುಡುಗ ಹೇಳಿದ್ದು: "ಇದು ಬಿಚ್ಲಾಕ್ ಬರಲ್ರಿ ಕಾಕಾ, ಒಡಿಬೇಕ್." ಒಡೆದ. ಪ್ಲಾಸ್ಟಿಕ್ಕಿನ ಚೂರು ಎಲ್‌ಇಡಿಯ ಲೋಹಕ್ಕೆ ಅಂಟಿಕೊಂಡೇ ಬಂತು. ಪ್ಲಾಸ್ಟಿಕ್ ಕೊಳ್ಳುವವನಿಗೆ ಅದು ಬೇಡ, ಲೋಹ ಕೊಳ್ಳುವವನಿಗೂ ಬೇಡ.

ಎಲ್‌ಇಡಿಯ ಒಳ್ಳೆಯ ಗುಣವನ್ನು ಉಳಿಸಿಕೊಂಡೇ, ಮುಖದ ಪ್ಲಾಸ್ಟಿಕ್ಕನ್ನು ರಬ್ಬರ್ ಪಟ್ಟಿ ಮತ್ತು ಕ್ಲಿಪ್ಪಿನಿಂದ ಕೂಡಿಸಲು ಬರುವುದಿಲ್ಲವೇ? ಬರುತ್ತದೆ. ನೀರು ಒಳಗೆ ಹೋಗದಂತೆ ಮಾಡುವುದು ಕಷ್ಟ, ಕೆಲಸ ಹೆಚ್ಚು, ಅಚ್ಚಿಗೆ ಖರ್ಚು ಹೆಚ್ಚು. ಕಷ್ಟದ ಕೆಲಸಕ್ಕೆಂದೇ ನಿಮ್ಮನ್ನು ನಾಲ್ಕು ವರ್ಷ ಓದಿಸುತ್ತಾರೆ.

ಅದೇ ಅಂಗಳದಲ್ಲಿ ಇನ್ನೊಂದು ವಸ್ತುವನ್ನೂ ಮುಟ್ಟಿ ನೋಡಿ, ಲಾರಿಯ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಒಂದರ ಮೇಲೊಂದು ಪಟ್ಟಿ ಇಟ್ಟು ನಡುವೆ ಒಂದು ಬೋಲ್ಟು, ಎರಡು ಕಡೆ ಕ್ಲಾಂಪು. ಒಂದು ಪಟ್ಟಿ ಮುರಿದರೆ ಅದೊಂದನ್ನೇ ತೆಗೆದು ಬೇರೆ ಹಾಕುತ್ತಾರೆ, ಸಡಿಲಾದದ್ದನ್ನು ಕಾಯಿಸಿ ಮತ್ತೆ ಬಾಗಿಸುತ್ತಾರೆ. ಇನ್ನು ಆಗುವುದೇ ಇಲ್ಲ ಎಂದಾದ ಮೇಲೆ ಅದು ಹಳ್ಳಿಯ ಕಮ್ಮಾರನ ಕುಲುಮೆಗೆ ಹೋಗುತ್ತದೆ. ನಮ್ಮ ತೊಗರಿ ಹೊಲಗಳಲ್ಲಿ ಆಡುವ ಕುಡಗೋಲು, ಕೊಡಲಿ, ಕುಂಟೆಯ ಕುಡ ಎಷ್ಟೋ ಪಾಟಾದ ಉಕ್ಕಿನವೇ. ಸಿಲಿಕಾನ್ ಬೆರೆತ ಆ ಗಟ್ಟಿ ಉಕ್ಕಿಗೆ ಹರಿತ ನಿಲ್ಲುತ್ತದೆ ಎಂಬುದು ಕಮ್ಮಾರನಿಗೆ ಕೈಯಿಂದಲೇ ಗೊತ್ತು. ಪಾಟಾ ಮಾಡಿದ ಎಂಜಿನಿಯರ್ ಕುಡಗೋಲಿನ ವಿಚಾರ ಮಾಡಿರಲಿಲ್ಲ. ಆದರೆ ಒಂದೇ ಲೋಹ, ಅಂಟಿಲ್ಲ, ಲೇಪವಿಲ್ಲ, ಬಿಚ್ಚಲು ಒಂದು ಪಾನಾ ಸಾಕು ಎಂಬ ಮೂರು ನಾಲ್ಕು ಗುಣಗಳಿದ್ದುದರಿಂದ ಅದಕ್ಕೆ ಎರಡನೆಯ ಜನ್ಮ ತಾನಾಗಿ ಸಿಕ್ಕಿತು. ಅದರ ಪಕ್ಕದಲ್ಲೇ ಫೈಬರಿನ ಬಂಪರುಗಳ ರಾಶಿ ಇರುತ್ತದೆ. ಗಾಜಿನ ನೂಲನ್ನು ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ್ದು. ಒಮ್ಮೆ ಗಟ್ಟಿಯಾದ ಆ ರಾಳ ಮತ್ತೆ ಕರಗುವುದಿಲ್ಲ. ಅದನ್ನು ಯಾವ ಗುಜರಿಯವನೂ ತೂಕಕ್ಕೆ ಹಾಕುವುದಿಲ್ಲ. ಸುಟ್ಟರೆ ವಿಷದ ಹೊಗೆ, ಹೂತರೆ ಹಾಗೇ ಇರುತ್ತದೆ.

ನಮ್ಮ ಮಿಸ್ತ್ರಿಗಳನ್ನು ಬರೀ ರಿಪೇರಿಯವರು ಎಂದುಕೊಳ್ಳಬೇಡಿ. ಬಹುಕಾಲ ನಮ್ಮ ದೇಶದ ಲಾರಿ ಕಂಪನಿಗಳು ಚಾಸಿ, ಎಂಜಿನ್ನು, ಮೂತಿ ಇಷ್ಟನ್ನೇ ಕೊಟ್ಟು, ಕ್ಯಾಬಿನ್ನು ಮತ್ತು ಬಾಡಿಯ ಕೆಲಸವನ್ನು ಇಂಥ ಊರುಗಳ ಬಡಗಿ, ಕಮ್ಮಾರ, ಟಿಂಕರ್, ಪೇಂಟರುಗಳಿಗೆ ಬಿಟ್ಟಿದ್ದವು. ಭಾರತದ ಹೆದ್ದಾರಿಯ ಮೇಲೆ ಓಡಿದ ಲಾರಿಯ ಅರ್ಧ ಡಿಸೈನ್ ಆಗಿದ್ದು ಹೀಗೆ. ಡ್ರೈವರ್ ಮಲಗುವ ಹಲಗೆ ಎಷ್ಟು ಅಗಲ, ಟಾಡಪತ್ರಿ ಕಟ್ಟುವ ಕೊಂಡಿ ಎಲ್ಲಿ, ಫಾಳಕೆ ಯಾವ ಕಡೆ ತೆರೆದರೆ ಹಮಾಲನ ಸೊಂಟ ಉಳಿಯುತ್ತದೆ ಎಂಬುದನ್ನು ಬಳಸುವವನನ್ನು ಎದುರಿಗೆ ನಿಲ್ಲಿಸಿಕೊಂಡು ತೀರ್ಮಾನಿಸಿದವರು ಅವರು. ಈಗ ಎಐಎಸ್ 093 ಎಂಬ ಸಂಹಿತೆ ಬಂದಿದೆ. ಲಾರಿಯ ಕ್ಯಾಬಿನ್ನು, ಬಾಡಿ ಹೇಗಿರಬೇಕು, ಅಳತೆಯೇನು, ಸುರಕ್ಷತೆ ಏನೇನು ಎಂದು ಹೇಳುತ್ತದೆ. ಬೇಕಾದದ್ದೇ, ಡ್ರೈವರನ ಜೀವದ ಪ್ರಶ್ನೆ ಅದು. ಅದನ್ನು ಓದಿ, ಲೆಕ್ಕ ಹಾಕಿ, ಒಪ್ಪಿಗೆಗೆ ಬೇಕಾದ ನಕ್ಷೆ ಬರೆದುಕೊಡುವವರು ಸಣ್ಣ ಶೆಡ್ಡಿನವರಿಗೆ ಬೇಕು. ಓದು ಮುಗಿಸಿ ಈ ಕಡೆ ಬಂದು ಕೆಲಸ ಮಾಡುವ ಮನಸ್ಸಿದ್ದವರಿಗೆ ಇದಕ್ಕಿಂತ ದೊಡ್ಡ ಕೆಲಸ ನನಗೆ ಕಾಣುವುದಿಲ್ಲ.

ಹಾಗೆಂದು ಆಟೊ ನಗರವನ್ನು ದೇವಸ್ಥಾನ ಮಾಡಿ ಕೈಮುಗಿಯಬೇಡಿ. ಅಲ್ಲಿನ ನೆಲ ನೋಡಿ, ಕಪ್ಪಗಿದೆ. ಸುಟ್ಟ ಎಂಜಿನ್ ಆಯಿಲ್ ನೆಲಕ್ಕೆ ಹೋಗುತ್ತದೆ, ಬ್ಯಾಟರಿಯ ಆಮ್ಲ ಹೋಗುತ್ತದೆ, ಸೀಸ ಹೋಗುತ್ತದೆ. ಒಂದು ಲೀಟರ್ ಸುಟ್ಟ ಎಣ್ಣೆ ಹತ್ತು ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂಸ್ಥೆ ಬಹಳ ಹಿಂದಿನಿಂದ ಹೇಳುತ್ತಿರುವ ಲೆಕ್ಕ. ಕೈಗವಸಿಲ್ಲ, ಕನ್ನಡಕವಿಲ್ಲ, ಗ್ಯಾಸ್ ಕಟರಿನ ಮುಂದೆ ಬರಿಗಣ್ಣು. ಇದಕ್ಕೆ ಆ ಹುಡುಗರನ್ನು ಬೈದು ಏನೂ ಆಗುವುದಿಲ್ಲ. ಎಣ್ಣೆ ಇಳಿಸುವ ಡ್ರೈನ್ ಬೋಲ್ಟು ಅಡ್ಡಪಟ್ಟಿಯ ಮೇಲ್ಗಡೆ ಬಂದಿದ್ದರೆ, ಬಿಚ್ಚಿದೊಡನೆ ಎಣ್ಣೆ ಪಟ್ಟಿಯುದ್ದಕ್ಕೂ ಹರಿದು ನಾಲ್ಕು ಕಡೆ ಸುರಿಯುತ್ತದೆ, ಡಬ್ಬಿ ಎಲ್ಲಿ ಹಿಡಿಯುವುದು? ಅದನ್ನು ಒಂದು ಗೇಣು ಪಕ್ಕಕ್ಕೆ ಸರಿಸಬಹುದಾಗಿದ್ದವರು ಡ್ರಾಯಿಂಗ್ ಬೋರ್ಡಿನ ಮುಂದೆ ಕೂತವರು.

ನಿಮ್ಮ ವೃತ್ತಿಗೆ ಒಂದು ಕೆಟ್ಟ ಇತಿಹಾಸವೂ ಇದೆ, ಅದನ್ನು ತಿಳಿದೇ ಒಳಗೆ ಬನ್ನಿ. 1924ರಲ್ಲಿ ಜಿನೀವಾದಲ್ಲಿ ಜಗತ್ತಿನ ದೊಡ್ಡ ಬಲ್ಬ್ ಕಂಪನಿಗಳು ಒಟ್ಟು ಕೂತು ಫೀಬಸ್ ಎಂಬ ಕೂಟ ಕಟ್ಟಿಕೊಂಡವು. ಬಲ್ಬು ಒಂದು ಸಾವಿರ ಗಂಟೆಗಿಂತ ಹೆಚ್ಚು ಉರಿಯಕೂಡದು ಎಂದು ಗೊತ್ತುಮಾಡಿಕೊಂಡವು. ಹೆಚ್ಚು ಬಾಳುವಂಥ ಬಲ್ಬು ಮಾಡಲು ಬರುತ್ತಿದ್ದ ಜಾಣ ಕೈಗಳನ್ನೇ ಬೇಗ ಸಾಯುವ ಬಲ್ಬು ಮಾಡಲು ಹಚ್ಚಿದರು. 1954ರಲ್ಲಿ ಅಮೆರಿಕದ ಬ್ರೂಕ್ಸ್ ಸ್ಟೀವನ್ಸ್ ಎಂಬ ಹೆಸರಾಂತ ಇಂಡಸ್ಟ್ರಿಯಲ್ ಡಿಸೈನರ್, ಗಿರಾಕಿಗೆ ತನ್ನಲ್ಲಿರುವುದಕ್ಕಿಂತ ತುಸು ಹೊಸದು, ತುಸು ಬೇಗ ಬೇಕೆನಿಸುವಂತೆ ಮಾಡುವುದೇ ಡಿಸೈನಿನ ಕೆಲಸ ಎಂದು ಭಾಷಣ ಮಾಡಿದ. ಫೋನಿನ ಬ್ಯಾಟರಿ ತೆಗೆಯಲು ಬಾರದಂತಾದದ್ದು ಅದೇ ವಂಶದ ಕೂಸು. ಇದಕ್ಕೆ ಎದುರು ನಿಂತವರೂ ನಿಮ್ಮವರೇ. 1971ರಲ್ಲಿ ವಿಕ್ಟರ್ ಪಾಪನೆಕ್ ಎಂಬ ಡಿಸೈನರ್ ತನ್ನ ಪುಸ್ತಕದಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಜಗತ್ತಿಗೆ ಅತಿ ಹಾನಿ ಮಾಡುವ ಕಸುಬುಗಳಲ್ಲೊಂದು ಎಂದು ಮುಖಕ್ಕೆ ಹೊಡೆದಂತೆ ಬರೆದ, ಸಹೋದ್ಯೋಗಿಗಳು ಸಿಟ್ಟಾದರು. ನಮ್ಮ ಎನ್‌ಐಡಿ 1961ರಲ್ಲಿ ಹುಟ್ಟಿದ್ದೇ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಡಿಸೈನರ್ ದಂಪತಿ 1958ರಲ್ಲಿ ಸರಕಾರಕ್ಕೆ ಕೊಟ್ಟ ವರದಿಯಿಂದ. ದೇಶವೆಲ್ಲ ಸುತ್ತಿದ ಅವರು ಹೆಚ್ಚು ಮೆಚ್ಚಿ ಬರೆದದ್ದು ನಮ್ಮ ಮನೆಮನೆಯ ತಂಬಿಗೆಯನ್ನು. ಎಷ್ಟು ತುಂಬಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಹೇಗೆ ಸುರಿಯಬೇಕು, ಹೇಗೆ ತೊಳೆಯಬೇಕು ಎಂದು ತಲೆಮಾರುಗಳು ತಿದ್ದಿದ ಆಕಾರ ಅದು.

ಈಗ ಹುಮನಾಬಾದಿನ ಮಾತು. ನಾನಿರುವ ಊರು, ಆದ್ದರಿಂದ ಹೆಚ್ಚು ಹೊತ್ತು ನಿಲ್ಲುತ್ತೇನೆ. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಮತ್ತು ಔಷಧದ ಘಟಕಗಳಿವೆ. ಕೆಟ್ಟ ವಾಸನೆಯ ಬಗ್ಗೆ, ಬಾವಿ ಬೋರಿನ ನೀರು ಕೆಟ್ಟದ್ದರ ಬಗ್ಗೆ ಮಾಣಿಕ ನಗರ, ಗಡವಂತಿ ಕಡೆಯ ಜನ ವರ್ಷಗಳಿಂದ ದೂರುತ್ತಲೇ ಬಂದಿದ್ದಾರೆ. ಇದೇ 65ನೇ ಹೆದ್ದಾರಿಯಲ್ಲಿ ಹೈದರಾಬಾದಿನ ದಿಕ್ಕಿಗೆ ಹೋದರೆ ಪಟಾನ್‌ಚೆರು ಬರುತ್ತದೆ. ಅಲ್ಲಿನ ಔಷಧ ಕಾರ್ಖಾನೆಗಳ ಕೊಳಚೆಯನ್ನು ಶುದ್ಧ ಮಾಡುವ ಘಟಕದಿಂದ ಹೊರಬಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಸಿನ್ ಸಿಕ್ಕಿತ್ತು. ರೋಗಿಯ ರಕ್ತದಲ್ಲಿ ಮದ್ದು ಇರುವುದಕ್ಕಿಂತ ಹೆಚ್ಚು ಅದು. ಶುದ್ಧ ಮಾಡಿದ ಮೇಲಿನ ನೀರು, ನೆನಪಿಡಿ.

ಔಷಧ ಕಾರ್ಖಾನೆಗೂ ನನಗೂ ಏನು ಸಂಬಂಧ, ನಾನು ಕುರ್ಚಿಯನ್ನೋ ಮಿಕ್ಸರನ್ನೋ ಮಾಡುವವ ಎಂದು ನೀವು ಕೇಳಬಹುದು. ಮಿಕ್ಸರಿನ ಮೈಗೆ ನೀವು ಆರಿಸುವ ಬಣ್ಣ, ಹಿಡಿಕೆಗೆ ಹಾಕಿಸುವ ಮೆತ್ತನೆಯ ಲೇಪ, ಪ್ಲಾಸ್ಟಿಕ್ಕಿಗೆ ಬೆರೆಸುವ ಬೆಂಕಿನಿರೋಧಕ, ಲೋಗೋದ ಮೇಲಿನ ಕ್ರೋಮಿನ ಹೊಳಪು, ಇವೆಲ್ಲ ಇಂಥದೇ ಯಾವುದೋ ಊರಿನ ಬೇಲಿಯ ಹಿಂದೆ ತಯಾರಾಗಿ ಬರುತ್ತವೆ. ಆ ಬೇಲಿಯ ಈಚೆಗೆ ಒಂದು ಗಡವಂತಿ ಇರುತ್ತದೆ. ಹೊಳೆಯುವ ಕ್ರೋಮ್ ಲೇಪದ ತೊಟ್ಟಿಯಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಒಂದು ಇಂಚು ಹೊಳಪು ಬೇಕೇ ಬೇಕೇ ಎಂದು ಕೇಳಿಕೊಳ್ಳುವ ಅಧಿಕಾರ ಇರುವುದು ನಿಮಗೊಬ್ಬರಿಗೇ. ಲೇಪ ಹಾಕುವ ಕೆಲಸಗಾರನಿಗೆ ಆ ಅಧಿಕಾರವಿಲ್ಲ, ಊರಿನವರಿಗಂತೂ ಇಲ್ಲ. ದ್ರಾವಕದ ಬಣ್ಣದ ಬದಲು ಪೌಡರ್ ಕೋಟಿಂಗ್ ಬರೆದರೆ ಥಿನ್ನರಿನ ಆವಿ ಇರುವುದಿಲ್ಲ, ಮೈಗೆ ಹತ್ತದೆ ಉದುರಿದ ಪುಡಿಯನ್ನು ಮತ್ತೆ ಬಳಸಬಹುದು. ಉಕ್ಕನ್ನು ಉಕ್ಕಿನ ಬಣ್ಣದಲ್ಲೇ ಬಿಡಲು ಬಂದರೆ ಇನ್ನೂ ಒಳ್ಳೆಯದು. ಕ್ಯಾಟಲಾಗಿನಿಂದ ಮಾಲು ಆರಿಸುವಾಗ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ: ಇದನ್ನು ಎಲ್ಲಿ ಮಾಡುತ್ತಾರೆ, ಅಲ್ಲಿನ ನೀರು ಎಲ್ಲಿಗೆ ಹೋಗುತ್ತದೆ, ಕೊನೆಗೆ ಇದನ್ನು ಯಾರು ಕೊಳ್ಳುತ್ತಾರೆ. ಮಾರುವವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಬರೆದು ಕೇಳಿ. ಹತ್ತು ಜನ ಕೇಳಿದರೆ ಅವನು ಹನ್ನೊಂದನೆಯವನಿಗೆ ಉತ್ತರ ತಯಾರು ಇಟ್ಟುಕೊಂಡಿರುತ್ತಾನೆ.

ಇಷ್ಟು ಕೇಳಿ ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಹಾರಬೇಡಿ. ಲೆಕ್ಕ ಕಲಿಯಿರಿ. ವರ್ಷಕ್ಕೆ ಒಂದು ಲಕ್ಷ ಕಿಲೋಮೀಟರ್ ಓಡುವ, ಲೀಟರಿಗೆ 4 ಕಿಲೋಮೀಟರ್ ಕೊಡುವ ಲಾರಿ 25,000 ಲೀಟರ್ ಡೀಸೆಲ್ ಕುಡಿಯುತ್ತದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಒಂದೇ ಗಾಡಿ, ಒಂದೇ ವರ್ಷ, 67 ಟನ್. ಆ ಗಾಡಿಯ ಬಾಡಿಗೆ ಹಿಡಿದ ಉಕ್ಕನ್ನು ಮಾಡುವಾಗ ಬಿಟ್ಟ ಹೊಗೆ ಇದರ ಮುಂದೆ ಸಣ್ಣದು, ಒಂದು ಟನ್ ಉಕ್ಕಿಗೆ ಎರಡು ಟನ್ನಿನ ಆಸುಪಾಸು ಅಷ್ಟೇ. ಹಾಗಾದರೆ ಲಾರಿಯ ಬಾಡಿ ಮಾಡುವವನ ಧರ್ಮ ಏನು? ತೂಕ ಇಳಿಸುವುದು, ಗಾಳಿಯನ್ನು ಸೀಳುವಂತೆ ಮೂತಿ ಮಾಡುವುದು. ಬಾಡಿಯ ಒಂದೊಂದು ಕಿಲೋ ತೂಕವನ್ನೂ ಗಾಡಿ ತುಂಬಿದಾಗಲೂ ಖಾಲಿ ಇದ್ದಾಗಲೂ ಜೀವಮಾನವಿಡೀ ಹೊರುತ್ತದೆ. ಶೇ. 2ರಷ್ಟು ಡೀಸೆಲ್ ಉಳಿಸಿದರೂ ವರ್ಷಕ್ಕೆ 500 ಲೀಟರ್. ಕುರ್ಚಿಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಕುರ್ಚಿ ಡೀಸೆಲ್ ಕುಡಿಯುವುದಿಲ್ಲ, ಅದರ ಪಾಪವೆಲ್ಲ ಮಾಲಿನಲ್ಲಿ ಮತ್ತು ಎಷ್ಟು ವರ್ಷ ಬಾಳುತ್ತದೆ ಎಂಬುದರಲ್ಲಿ. ಅಲ್ಯೂಮಿನಿಯಂ ಅದಿರಿನಿಂದ ಬಂದದ್ದೋ ಗುಜರಿಯಿಂದ ಬಂದದ್ದೋ ನೋಡಬೇಕು, ಗುಜರಿಯದನ್ನು ಕರಗಿಸಲು ಹೊಸದರ ಶೇ. 5ರಷ್ಟು ಶಕ್ತಿ ಸಾಕು. ಯಾವ ವಸ್ತುವಿನ ಭಾರ ಎಲ್ಲಿದೆ ಎಂದು ತಿಳಿಯದೆ ಎಲ್ಲಕ್ಕೂ ಬಿದಿರು ಅಂಟಿಸಿ ಹಸಿರು ಎಲೆಯ ಚಿತ್ರ ಒತ್ತುವವರು ಬಹಳ ಇದ್ದಾರೆ. ಆ ಗುಂಪಿಗೆ ಸೇರಬೇಡಿ.

ಈ ನೆಲದ ಒಂದು ಕಥೆ ನಿಮಗೆಲ್ಲ ಗೊತ್ತು, ಆದರೆ ಡಿಸೈನ್ ಓದುವವರ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ನೋಡಿದೊಡನೆ, ನಮಗೆ ಬೇಕಾದದ್ದಕ್ಕಿಂತ ಹೆಚ್ಚಾಯಿತು, ಹೋಗಿ ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಅವರದು ಬಡ ಸಂಸಾರ, ನಾಳೆಗೆ ಇಟ್ಟುಕೊಂಡಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಪರಿಸರದ ಪುಸ್ತಕಗಳೆಲ್ಲ ಮರುಬಳಕೆಯ ಬಗ್ಗೆ ಹೇಳುತ್ತವೆ, ಆಯ್ದ ಅಕ್ಕಿ ಎಂದರೆ ಅದೇ. ಆದರೆ ಮರುಬಳಕೆಗೂ ಒಂದು ಮಿತಿ ಬೇಕು ಎಂದು ಲಕ್ಕಮ್ಮ ಗಂಡನಿಗೆ ಹೇಳಿದಳಲ್ಲ, ಅಲ್ಲಿಯವರೆಗೆ ನಮ್ಮ ಕಾಲೇಜುಗಳ ಪಠ್ಯ ಇನ್ನೂ ಬಂದಿಲ್ಲ. ಮುಂದೆ ನಿಮಗೆ ಕೊಡುವ ಕೆಲಸಗಳಲ್ಲಿ ಎಷ್ಟೋ ಬೇಡವಾದ ವಸ್ತುಗಳೇ ಇರುತ್ತವೆ. ಮರುಬಳಕೆಯ ಪ್ಲಾಸ್ಟಿಕ್ಕಿನಲ್ಲಿ ಮಾಡಿದರೂ ಬೇಡವಾದದ್ದು ಬೇಡವಾದದ್ದೇ. ಆಗ ನೇರವಾಗಿ, ಗೌರವದಿಂದ, ಇದು ಬೇಡ ಎಂದು ಹೇಳುವ ಧೈರ್ಯ ಬೇಕು. ಮೇದಾರ ಕೇತಯ್ಯ ಬುಟ್ಟಿ ಹೆಣೆಯುತ್ತಿದ್ದ, ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದ, ಕಲ್ಯಾಣದ ಶರಣರಲ್ಲಿ ವಸ್ತು ಮಾಡುವವರೇ ಬಹಳ. ಕಸುಬನ್ನೂ ನಡತೆಯನ್ನೂ ಅವರು ಬೇರೆ ಬೇರೆ ಇಟ್ಟವರಲ್ಲ.

ಬೀದರಿನ ಬಿದ್ರಿ ಕೆಲಸವನ್ನೂ ಒಮ್ಮೆ ಹತ್ತಿರದಿಂದ ನೋಡಿ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ, ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಕಲಸಿ ಮಾಡಿದ ಅಚ್ಚು, ಬೆಳ್ಳಿಯ ತಂತಿ, ಕೊನೆಗೆ ನವಸಾಗರದೊಂದಿಗೆ ಕೋಟೆಯ ಮಣ್ಣು ಬೆರೆಸಿ ಕಾಯಿಸಿದರೆ ಬರುವ ಕಪ್ಪು. ಆ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮೈಯೇ ಕಪ್ಪಾಗುತ್ತದೆ, ಅದಕ್ಕೇ ಸುಲಿಯುವುದಿಲ್ಲ. ಬೆಳ್ಳಿಯ ಪುಡಿ ನೆಲಕ್ಕೆ ಬಿದ್ದರೆ ಗುಡಿಸಿ ಎತ್ತಿಡುತ್ತಾರೆ. ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಹಿಗ್ಗಿತು. ನನಗೆ ಆಸೆ ಇರುವುದು, ನಮ್ಮ ಮಕ್ಕಳು ಅಲ್ಲಿ ಹೋಗಿ ಬಳ್ಳಿ ಹೂವಿನ ನಕ್ಷೆಯನ್ನಷ್ಟೇ ಬರೆದುಕೊಂಡು ಬರದೆ, ಸುಲಿಯದ ಕಪ್ಪು ಎಂಬ ಆ ವಿಚಾರವನ್ನು ತರಲಿ ಎಂದು.

ಇನ್ನು ಕೆಲಸಕ್ಕೆ ಸೇರಿದ ಮೇಲಿನ ಮಾತು. ನಾನು ದುಡಿದ ಒಂದು ಕಾರ್ಖಾನೆಯಲ್ಲಿ ಸ್ಕ್ರೂ ತೆಗೆದು ಅಂಟು ಹಾಕುವ ತೀರ್ಮಾನ ಒಂದು ಮಧ್ಯಾಹ್ನದ ಮೀಟಿಂಗಿನಲ್ಲಿ ಆಗಿಹೋಯಿತು. ಜೋಡಣೆಯ ಸಮಯ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ. ರಿಪೇರಿಗೆ ಬರುವ ಗಿರಾಕಿಯ ಲೆಕ್ಕವನ್ನು ಯಾರೂ ತಂದಿರಲಿಲ್ಲ. ನೀವು ಮೀಟಿಂಗಿಗೆ ಹೋಗುವಾಗ ಭೂಮಿತಾಯಿಯ ಹೆಸರು ಹೇಳಿದರೆ ತಲೆಯಾಡಿಸಿ ಮುಂದೆ ಹೋಗುತ್ತಾರೆ, ಲೆಕ್ಕ ಹಿಡಿದು ಹೋಗಿ. ಏಳು ತರಹದ ಸ್ಕ್ರೂ ಇರುವ ಕಡೆ ಎರಡೇ ತರಹ ಮಾಡಿದರೆ ದಾಸ್ತಾನು ಎಷ್ಟು ಇಳಿಯುತ್ತದೆ, ನಾಲ್ಕು ಬಗೆಯ ಪ್ಲಾಸ್ಟಿಕ್ಕಿನ ಬದಲು ಒಂದೇ ಬಗೆ ಬಳಸಿದರೆ ಕೊಳ್ಳುವ ದರ ಎಷ್ಟು ಇಳಿಯುತ್ತದೆ, ವಾರಂಟಿಯಲ್ಲಿ ಬಂದ ಮಾಲನ್ನು ಅರ್ಧ ಗಂಟೆಯಲ್ಲಿ ಬಿಚ್ಚಲು ಬಂದರೆ ಸರ್ವಿಸ್ ಖರ್ಚು ಎಷ್ಟು ಉಳಿಯುತ್ತದೆ. ರೂಪಾಯಿಯಲ್ಲಿ ಬರೆದು ಮೇಜಿನ ಮೇಲಿಡಿ.

ಕಾನೂನೂ ಈಗ ನಿಮ್ಮ ಕಡೆ ವಾಲುತ್ತಿದೆ, ಅದನ್ನು ಕೈಯಲ್ಲಿಟ್ಟುಕೊಳ್ಳಿ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆಯುಷ್ಯ ತೀರಿದ ವಾಹನಗಳ ನಿಯಮಗಳು 2025ರ ಏಪ್ರಿಲ್ 1ರಿಂದ ಬಂದಿವೆ. ವಸ್ತು ಮಾರಿದ ಕಂಪನಿಯೇ ಅದರ ಕೊನೆಯ ಹೊಣೆಯನ್ನೂ ಹೊರಬೇಕು ಎಂಬುದು ಎರಡರ ತಿರುಳು. ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ಪೋರ್ಟಲ್ ತೆರೆದಿದೆ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪಿನ ಮೇಲೆ ಅದು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂಬ ಅಂಕ ಬರೆಯಬೇಕು. ಹೊಣೆ ಕಂಪನಿಯ ತಲೆಗೆ ಬಂದ ದಿನ, ಬಿಚ್ಚಲು ಬರುವ ಡಿಸೈನ್ ಬರೆಯಬಲ್ಲವರನ್ನು ಅವರೇ ಹುಡುಕಿಕೊಂಡು ಬರುತ್ತಾರೆ.

ಕಾನೂನೊಂದರಿಂದಲೇ ಆಗುವುದಿಲ್ಲ ಎಂಬುದಕ್ಕೆ ನಮ್ಮ ಜಾತ್ರೆಗಳನ್ನು ನೋಡಿದರೆ ಸಾಕು. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ನಿಷೇಧ ತಂದಿತು, 2022ರ ಜುಲೈ 1ರಿಂದ ದೇಶವೆಲ್ಲ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ನಿಷೇಧ ಬಂತು. ಆದರೂ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಮುಗಿದ ಮರುದಿನ, ಮಾಣಿಕ ನಗರದಲ್ಲಿ ದತ್ತ ಜಯಂತಿ ಮುಗಿದ ಮರುದಿನ ನೆಲ ನೋಡಬೇಕು. ನಮ್ಮ ಹಿರಿಯರು ಮುತ್ತುಗದ ಎಲೆಯ ಪತ್ರಾವಳಿಯಲ್ಲಿ ಸಾವಿರಾರು ಜನಕ್ಕೆ ಉಣಬಡಿಸಿದವರು. ಪತ್ರಾವಳಿಗೆ ತೊಂದರೆಗಳಿವೆ, ಸಾರು ಸೋರುತ್ತದೆ, ಗಾಳಿಗೆ ಹಾರುತ್ತದೆ, ನಿಂತು ಉಣ್ಣುವವರಿಗೆ ಕೈಯಲ್ಲಿ ಮಡಚಿಕೊಳ್ಳುತ್ತದೆ. ಈ ಮೂರು ತೊಂದರೆಗಳನ್ನು ಬಿಡಿಸಬೇಕಾದವರು ಡಿಸೈನರುಗಳು. ಕಬ್ಬಿನ ಸಿಪ್ಪೆಯ ತಟ್ಟೆ ಬಂದಿದೆ, ಕಬ್ಬು ಬೆಳೆಯುವ ಜಿಲ್ಲೆ ನಮ್ಮದು, ಒಳ್ಳೆಯ ದಾರಿಯೇ. ಆದರೆ ಎಣ್ಣೆ ಹೀರದಿರಲೆಂದು ಅದಕ್ಕೆ ಏನು ಲೇಪ ಹಾಕಿದ್ದಾರೆ ಎಂದು ಕೇಳಿಯೇ ಮುಂದೆ ಹೋಗಿ. ತೊಳೆದು ಮತ್ತೆ ಬಳಸುವ ಸ್ಟೀಲಿನ ತಟ್ಟೆಯ ಏರ್ಪಾಟು, ಸಾವಿರ ತಟ್ಟೆ ತೊಳೆಯಲು ಕಡಿಮೆ ನೀರು ಬೇಡುವ ಒಂದು ಕಟ್ಟೆ, ಇದನ್ನು ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟು ಮಾಡಿ. ನೀರಿಗೆ ಬರ ಇರುವ ನಾಡಿನಲ್ಲಿ ಆ ಕಟ್ಟೆಯ ಲೆಕ್ಕ ಸರಿಹೋಗುವಂತೆ ಮಾಡುವುದು ಸುಲಭವಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಬಸವಕಲ್ಯಾಣಕ್ಕೆ ಹೋದಾಗ ಹೇಗೆ ಇರಬೇಕು ಎಂದೂ ಹೇಳಿಬಿಡುತ್ತೇನೆ. ಮೊದಲ ದಿನವೇ ಫೋನ್ ತೆಗೆದು ಫೋಟೋ ಹೊಡೆಯಬೇಡಿ, ಕೇಳಿ ತೆಗೆಯಿರಿ. ಉಸ್ತಾದರ ಜೊತೆ ಚಹಾ ಕುಡಿಯಿರಿ, ಪಾನಾ ಎತ್ತಿಕೊಡಿ, ಒಂದು ಬಾಗಿಲನ್ನಾದರೂ ನಿಮ್ಮ ಕೈಯಿಂದ ಬಿಚ್ಚಿ. ಬಿಚ್ಚಿದ ಒಂದೊಂದು ಭಾಗವನ್ನೂ ನೆಲದ ಮೇಲೆ ಸಾಲಾಗಿ ಇಟ್ಟು, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ಯಾವುದು ಮುರಿಯಿತು, ಯಾವುದನ್ನು ಯಾರು ಎಷ್ಟಕ್ಕೆ ಕೊಂಡರು, ಯಾವುದನ್ನು ಯಾರೂ ಕೊಳ್ಳಲಿಲ್ಲ ಎಂದು ಬರೆದುಕೊಳ್ಳಿ. ಅವರ ಅರ್ಧ ದಿನ ಹಾಳು ಮಾಡಿದ್ದರೆ ಅದರ ಕೂಲಿ ಕೊಟ್ಟು ಬನ್ನಿ. ಮುಂದೆ ನಿಮ್ಮ ಕಾಲೇಜಿನಲ್ಲಿ ಹೊರಗಿನ ಪಂಡಿತರನ್ನು ಕರೆಸುವ ಅವಕಾಶ ಬಂದರೆ, ಅಲ್ಲಿನ ಒಬ್ಬ ಮಿಸ್ತ್ರಿಯನ್ನು ರೈಲು ಟಿಕೆಟ್ಟು, ಸಂಭಾವನೆ ಕೊಟ್ಟು ಕರೆಸಿ. ನೀವು ಮಾಡಿದ ಮಾಡೆಲನ್ನು ಅವರ ಮುಂದಿಟ್ಟು ಬಿಚ್ಚಲು ಹೇಳಿ. ಮಾರ್ಕು ಕೊಡುವ ಪ್ರೊಫೆಸರರು ಪಕ್ಕದಲ್ಲಿ ನಿಂತು ನೋಡಲಿ.